ಕರೆನ್ಸಿ ಹಾಕಿಸುವ ಮುನ್ನ: ಮೊಬೈಲ್ ಖರ್ಚಿನ ಲೆಕ್ಕ ಬಿಡಿಸಿ ನೋಡಿದರೆ

ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು. 28 ದಿನದ ಪ್ಯಾಕ್ ಹಾಕಿಸುವವರ ಮೊಬೈಲಿನಲ್ಲಿ ಹದಿಮೂರು. 28ನ್ನು 13ರಿಂದ ಗುಣಿಸಿದರೆ 364. ಅಂದರೆ ‘ತಿಂಗಳಿಗೆ 299’ ಎಂದು ನಾವು ಬಾಯಲ್ಲಿ ಹೇಳುವ ಖರ್ಚು ವರ್ಷಕ್ಕೆ 3,588 ಅಲ್ಲ, 3,887 ರೂಪಾಯಿ. ಈ ಹದಿಮೂರನೇ ರೀಚಾರ್ಜ್ ಬಗ್ಗೆ ಗ್ರಾಹಕರ ದೂರು ಹೆಚ್ಚಾದ ಮೇಲೆ 2022ರ ಜನವರಿಯಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಒಂದೇ ತಾರೀಕಿಗೆ ನವೀಕರಿಸಬಹುದಾದ ಪ್ಯಾಕ್ ತಲಾ ಒಂದನ್ನಾದರೂ ಇಟ್ಟಿರಲೇಬೇಕು ಎಂದಿತು. ಇಟ್ಟಿದ್ದಾರೆ, ನಿಜ. ಆದರೆ ಬೆಲೆ ನೋಡಿ. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 299, ಅದೇ ಡೇಟಾದ ತಿಂಗಳ ಪ್ಯಾಕ್ 319. ಹನ್ನೆರಡು ಸಲ 319 ಎಂದರೆ 3,828. ವರ್ಷಕ್ಕೆ ಉಳಿದದ್ದು 59 ರೂಪಾಯಿ. ಹಾಗಾಗಿ 28 ದಿನದ ಮೇಲಿನ ಸಿಟ್ಟು ನ್ಯಾಯವಾದರೂ ಹಣ ಸೋರುವ ದೊಡ್ಡ ತೂತು ಅದಲ್ಲ.

ದೊಡ್ಡ ತೂತು ಇರುವುದು ಬೇರೆ ಕಡೆ. ಬಳಸದ ನೆಟ್‌ಗೆ ದುಡ್ಡು ಕೊಡುತ್ತಿದ್ದೇವೆ.

ಇಲ್ಲಿ ಬರುವ ಬೆಲೆಗಳು 2024ರ ಜುಲೈ ದರ ಏರಿಕೆಯ ನಂತರದವು. ಕರೆ-ಮಾತ್ರದ ಪ್ಯಾಕ್‌ಗಳವು 2025ರ ಜನವರಿಯವು. ನೀವು ಓದುವ ಹೊತ್ತಿಗೆ ಅಂಕಿ ಬದಲಾಗಿದ್ದರೆ ಹೊಸ ಅಂಕಿ ಹಾಕಿಕೊಳ್ಳಿ. ಲೆಕ್ಕ ಮಾಡುವ ಕ್ರಮ ಅದೇ.

ಮೊದಲು ನಿಮ್ಮ ಬಳಕೆ ಎಷ್ಟು ನೋಡಿ

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ವಿಭಾಗದಲ್ಲಿ ಡೇಟಾ ಯೂಸೇಜ್ ತೆರೆದರೆ ಯಾವ ಆ್ಯಪ್ ಎಷ್ಟು ನುಂಗಿದೆ ಎಂಬ ಪಟ್ಟಿ ಸಿಗುತ್ತದೆ. ಸೈಕಲ್ ಶುರುವಾಗುವ ತಾರೀಕನ್ನು ನಿಮ್ಮ ರೀಚಾರ್ಜ್ ತಾರೀಕಿಗೆ ಹೊಂದಿಸಿಕೊಳ್ಳಿ. ಐಫೋನಿನಲ್ಲಿ ಒಂದು ಎಡವಟ್ಟಿದೆ: ಮೊಬೈಲ್ ಡೇಟಾ ಪುಟದಲ್ಲಿ ಕಾಣುವ ‘ಕರೆಂಟ್ ಪೀರಿಯಡ್’ ತಿಂಗಳು ತಿಂಗಳೂ ತಾನಾಗಿ ಸೊನ್ನೆಯಾಗುವುದಿಲ್ಲ. ಫೋನ್ ಕೊಂಡ ದಿನದಿಂದ ಕೂಡುತ್ತಲೇ ಬಂದಿರಬಹುದು. ಪುಟದ ಕೆಳತುದಿಯಲ್ಲಿರುವ ರೀಸೆಟ್ ಒತ್ತಿ, ನಾಲ್ಕು ವಾರ ಬಿಟ್ಟು ನೋಡಿ.

ಈಗ ಭಾಗಾಕಾರ. ದಿನಕ್ಕೆ ಒಂದೂವರೆ ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಅಷ್ಟನ್ನೂ ಬಳಸುವವರಿಗೆ 299 ರೂಪಾಯಿಯಲ್ಲಿ ಒಂದು ಜಿಬಿಗೆ 7 ರೂಪಾಯಿ ಚಿಲ್ಲರೆ ಬೀಳುತ್ತದೆ. ಮನೆಯಲ್ಲಿ ವೈಫೈ, ಆಫೀಸಿನಲ್ಲಿ ವೈಫೈ, ದಾರಿಯಲ್ಲಿ ಮಾತ್ರ ಮೊಬೈಲ್ ನೆಟ್ ಎನ್ನುವವರು ತಿಂಗಳಿಗೆ 4 ಜಿಬಿ ಬಳಸಿದರೆ ಅದೇ ಜಿಬಿಗೆ 75 ರೂಪಾಯಿ. ದಿನದ ಕೋಟಾ ರಾತ್ರಿ 12ಕ್ಕೆ ಹೋಯಿತೆಂದರೆ ಹೋಯಿತು, ಮರುದಿನಕ್ಕೆ ಬರುವುದಿಲ್ಲ. ವಿ (ವೊಡಾಫೋನ್ ಐಡಿಯಾ) ಕಂಪನಿಯ ಕೆಲವು ಪ್ಯಾಕ್‌ಗಳಲ್ಲಿ ವಾರದ ದಿನಗಳಲ್ಲಿ ಉಳಿದದ್ದನ್ನು ಶನಿವಾರ-ಭಾನುವಾರ ಬಳಸುವ ಸೌಲಭ್ಯವಿದೆ, ಅದು ಹೊರತು.

ಬಳಕೆ ಕಡಿಮೆಯೆಂದು ಗೊತ್ತಾದವರಿಗೆ ‘ದಿನಕ್ಕಿಷ್ಟು’ ಎನ್ನದೆ ‘ಒಟ್ಟು ಇಷ್ಟು’ ಎನ್ನುವ ಪ್ಯಾಕ್‌ಗಳು ಸರಿ. ಏರ್‌ಟೆಲ್‌ನ 199 (28 ದಿನ, ಒಟ್ಟು 2 ಜಿಬಿ), ಜಿಯೋದ 189 (28 ದಿನ, ಒಟ್ಟು 2 ಜಿಬಿ) ಈ ಜಾತಿಯವು. 199ನ್ನು ಹದಿಮೂರು ಸಲ ಹಾಕಿಸಿದರೆ 2,587; ಮೇಲಿನ 3,887ಕ್ಕಿಂತ 1,300 ರೂಪಾಯಿ ಕಡಿಮೆ. ಕಂಪನಿಯ ಆ್ಯಪ್ ತೆರೆದಾಗ ಇಂಥವು ಮೊದಲ ಪುಟದಲ್ಲಿ ಕಾಣುವುದಿಲ್ಲ. ‘ಪಾಪ್ಯುಲರ್’, ‘ರೆಕಮೆಂಡೆಡ್’ ಎಂಬ ಹೆಸರಿನಲ್ಲಿ ದುಬಾರಿಯವು ಮುಂದೆ ನಿಂತಿರುತ್ತವೆ. ‘ವ್ಯಾಲ್ಯೂ’ ಎಂಬ ಹೆಸರಿನ ವಿಭಾಗವನ್ನು ಹುಡುಕಿ ತೆಗೆಯಬೇಕು. ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಹೋಲಿಸಬೇಕೆಂದರೆ ಟ್ರಾಯ್‌ನ ಟ್ಯಾರಿಫ್ ಪೋರ್ಟಲ್‌ನಲ್ಲಿ ಕರ್ನಾಟಕ ವಲಯ ಆರಿಸಿ ನೋಡಿ. ಅಲ್ಲಿ ಜಾಹೀರಾತಿನ ಒತ್ತಾಯವಿಲ್ಲ.

ಕರೆ ಮಾತ್ರ ಸಾಕು ಎನ್ನುವವರಿಗೆ

ಊರಲ್ಲಿರುವ ಅಜ್ಜಿಯ ಗುಂಡಿ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಯಾಕೆ? ಬಹಳ ವರ್ಷ ಬೇರೆ ದಾರಿಯೇ ಇರಲಿಲ್ಲ. ಕರೆ ಬೇಕೆಂದರೆ ನೆಟ್ಟನ್ನೂ ಕೊಳ್ಳಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಮೀಸಲಾದ ವೋಚರ್ ಕೊಡುವುದನ್ನು ಕಡ್ಡಾಯ ಮಾಡಿತು. ಅಂಥ ವೋಚರ್‌ಗಳ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು.

ಮರುತಿಂಗಳು ಬಂದ ಪ್ಯಾಕ್‌ಗಳಿವು: ಏರ್‌ಟೆಲ್‌ನಲ್ಲಿ 469ಕ್ಕೆ 84 ದಿನ, 1,849ಕ್ಕೆ 365 ದಿನ. ಜಿಯೋದಲ್ಲಿ 448ಕ್ಕೆ 84 ದಿನ, 1,748ಕ್ಕೆ 336 ದಿನ. ಎಲ್ಲದರಲ್ಲೂ ಕರೆ ಅನ್‌ಲಿಮಿಟೆಡ್. ಕೊನೆಯದನ್ನು ಇನ್ನೊಮ್ಮೆ ಓದಿ. ನೋಡಿದ ತಕ್ಷಣ ವರ್ಷದ ಪ್ಯಾಕ್ ಎನಿಸುತ್ತದೆ, ಆದರೆ 336 ಎಂದರೆ ಹನ್ನೆರಡು 28. ವರ್ಷಕ್ಕೆ ಇನ್ನೂ 29 ದಿನ ಬಾಕಿ. ಆದ್ದರಿಂದ ಪ್ಯಾಕಿನ ಬೆಲೆಗೆ ಬೆಲೆ ಹೋಲಿಸಬೇಡಿ, ದಿನದ ಬೆಲೆ ತೆಗೆಯಿರಿ: 1,849ನ್ನು 365ರಿಂದ ಭಾಗಿಸಿದರೆ 5 ರೂಪಾಯಿ 7 ಪೈಸೆ, 1,748ನ್ನು 336ರಿಂದ ಭಾಗಿಸಿದರೆ 5 ರೂಪಾಯಿ 20 ಪೈಸೆ. ನೂರು ರೂಪಾಯಿ ಅಗ್ಗವಾಗಿ ಕಂಡದ್ದೇ ದಿನದ ಲೆಕ್ಕದಲ್ಲಿ ತುಸು ದುಬಾರಿ.

ಈ ಪ್ಯಾಕ್ ಹಾಕಿಸುವ ಮುನ್ನ ಮೂರು ವಿಷಯ ನೋಡಿಕೊಳ್ಳಿ. ಸ್ಮಾರ್ಟ್‌ಫೋನಾದರೆ ಆ ಸಿಮ್‌ನ ಮೊಬೈಲ್ ಡೇಟಾ ಸ್ವಿಚ್ಚನ್ನು ಆರಿಸಿಬಿಡಿ, ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳು ಮೇನ್ ಬ್ಯಾಲೆನ್ಸ್‌ನಿಂದ ಕೀಳುವ ಸಾಧ್ಯತೆಯಿದೆ. 1925ಕ್ಕೆ ‘ಸ್ಟಾಪ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಕಂಪನಿಯ ಕಡೆಯಿಂದಲೇ ಡೇಟಾ ಬಂದ್ ಆಗುತ್ತದೆ. ಎರಡನೆಯದು, ಅಪರೂಪಕ್ಕೆ ನೆಟ್ ಬೇಕಾದಾಗ ಈ ಪ್ಯಾಕಿನ ಮೇಲೆ ಡೇಟಾ ವೋಚರ್ ಹಾಕಿಸಬಹುದೇ ಎಂದು ಷರತ್ತು ಓದಿ. ಎಲ್ಲ ಕಡೆ ಒಂದೇ ನಿಯಮವಿಲ್ಲ. ಮೂರನೆಯದು ಎಸ್ಸೆಮ್ಮೆಸ್. ಏರ್‌ಟೆಲ್‌ನ 469ರಲ್ಲಿ 84 ದಿನಕ್ಕೆ ಒಟ್ಟು 900, ವರ್ಷದ್ದರಲ್ಲಿ 3,600. ಎಸ್ಸೆಮ್ಮೆಸ್ ಯಾರಿಗೆ ಬೇಕು ಎನ್ನಬೇಡಿ: ಯುಪಿಐ ಆ್ಯಪನ್ನು ಹೊಸ ಫೋನಿನಲ್ಲಿ ನೋಂದಾಯಿಸುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಹೋಗಲೇಬೇಕು. ಅದು ಹೋಗದಿದ್ದರೆ ‘ವೆರಿಫಿಕೇಶನ್ ಫೇಲ್ಡ್’ ಎಂದು ಬರುತ್ತದೆ, ಜನ ಬ್ಯಾಂಕನ್ನು ಬಯ್ಯುತ್ತಾರೆ. ಪ್ಯಾಕಿನ ಎಸ್ಸೆಮ್ಮೆಸ್ ಇದ್ದೂ ಹೋಗದಿದ್ದರೆ ಮೇನ್ ಬ್ಯಾಲೆನ್ಸ್‌ನಲ್ಲಿ ಐದಾರು ರೂಪಾಯಿ ಹಾಕಿ ಮತ್ತೆ ಪ್ರಯತ್ನಿಸಿ.

ಡ್ರಾಯರಿನಲ್ಲಿ ಮಲಗಿರುವ ಎರಡನೇ ಸಿಮ್

ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ಹಳೇ ನಂಬರ್ ಅನ್ನೋ ಕಾರಣಕ್ಕೆ ಎರಡನೇ ಸಿಮ್‌ಗೂ ತಿಂಗಳು ತಿಂಗಳು ಕರೆನ್ಸಿ ಹಾಕಿಸುವವರು ಬಹಳ. ಇಲ್ಲಿ 2013ರ ಟ್ರಾಯ್ ನಿಯಮವೊಂದು ನೆರವಿಗಿದೆ. ಕರೆ, ಎಸ್ಸೆಮ್ಮೆಸ್, ಡೇಟಾ ಏನನ್ನೂ ಬಳಸದೆ 90 ದಿನ ಕಳೆಯುವವರೆಗೆ ಪ್ರಿಪೇಯ್ಡ್ ನಂಬರನ್ನು ಬಳಕೆಯಿಲ್ಲವೆಂಬ ಕಾರಣಕ್ಕೆ ಕಂಪನಿ ರದ್ದು ಮಾಡುವಂತಿಲ್ಲ. 90 ದಿನ ದಾಟಿದರೂ ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದೂಡಬೇಕು. ಹೀಗೆ ಬ್ಯಾಲೆನ್ಸ್ ಇರುವಷ್ಟು ಕಾಲ. ಬ್ಯಾಲೆನ್ಸ್ ತೀರಿ ನಂಬರ್ ನಿಂತರೂ ಮತ್ತೆ ಚಾಲೂ ಮಾಡಿಸಿಕೊಳ್ಳಲು 15 ದಿನದ ಕಾಲಾವಕಾಶವುಂಟು.

ಎಡವುವುದು ಎಲ್ಲಿ ಎಂದರೆ, 20 ರೂಪಾಯಿ ಟಾಪ್‌ಅಪ್ ಹಾಕಿಸಿದರೆ ಬ್ಯಾಲೆನ್ಸ್‌ಗೆ 20 ಬರುವುದಿಲ್ಲ. ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಕಳೆದು 14 ರೂಪಾಯಿ 95 ಪೈಸೆ ಬರುತ್ತದೆ. ಹತ್ತು ಹಾಕಿಸಿದರೆ 7.47. ಹಾಗಾಗಿ 20 ನಿಲ್ಲಬೇಕೆಂದರೆ 20 ಮತ್ತು 10 ಎರಡನ್ನೂ ಹಾಕಿಸಿ, 22.42 ಆಗುತ್ತದೆ. ನೂರರ ಟಾಪ್‌ಅಪ್‌ಗೆ 81.75 ಬರುತ್ತದೆ, ಅಂದರೆ 30 ದಿನದ ನಾಲ್ಕು ಕಂತು.

ಆದರೆ ಇದು ನಂಬರ್ ಕೈತಪ್ಪದಂತೆ ಕಾಯುವ ವ್ಯವಸ್ಥೆ ಅಷ್ಟೇ. ಪ್ಯಾಕ್ ಇಲ್ಲದ ಸಿಮ್‌ಗೆ ಒಳಬರುವ ಕರೆಯೂ ಓಟಿಪಿಯೂ ಬಂದೇ ಬರುತ್ತವೆ ಎಂಬ ಭರವಸೆ ಇದರಲ್ಲಿಲ್ಲ. ಬ್ಯಾಂಕ್ ಓಟಿಪಿ ಅದೇ ಸಿಮ್‌ಗೆ ಬರಬೇಕೆಂದರೆ ಕರೆ-ಮಾತ್ರದ ಪ್ಯಾಕ್ ಹಾಕಿಸಿ, ಇಲ್ಲವೇ ಬ್ಯಾಂಕ್, ಆಧಾರ್, ಗ್ಯಾಸ್, ಪಿಎಫ್ ಎಲ್ಲ ಕಡೆ ಮುಖ್ಯ ನಂಬರ್‌ಗೆ ಬದಲಾಯಿಸಿ ಎರಡನೆಯದನ್ನು ಬಿಟ್ಟುಬಿಡಿ. ಬದಲಾಯಿಸದೆ ಬಿಡಬೇಡಿ. ರದ್ದಾದ ನಂಬರ್ 90 ದಿನದ ನಂತರ ಬೇರೆಯವರಿಗೆ ಹಂಚಿಕೆಯಾಗಬಹುದು, ನಿಮ್ಮ ಓಟಿಪಿ ಅವರ ಫೋನಿಗೆ ಹೋದೀತು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಕಾಣುತ್ತದೆ. ಮರೆತುಹೋದದ್ದು, ನಿಮ್ಮದಲ್ಲದ್ದು ಅಲ್ಲಿಂದಲೇ ವರದಿ ಮಾಡಬಹುದು.

ಹೊರದೇಶದಲ್ಲಿರುವ ಕನ್ನಡಿಗರಿಗೂ ಇದೇ ಲೆಕ್ಕ. ಊರಿನ ಬ್ಯಾಂಕ್ ಖಾತೆಗಾಗಿ ನಂಬರ್ ಉಳಿಸಿಕೊಳ್ಳುವವರಿಗೆ ವರ್ಷದ ಕರೆ-ಮಾತ್ರದ ಪ್ಯಾಕ್ ಸಾಕು. ಇಂಟರ್‌ನ್ಯಾಷನಲ್ ರೋಮಿಂಗ್ ಸಕ್ರಿಯವಾಗಿದ್ದರೆ ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿಡಿ, ಆ ನಂಬರ್‌ಗೆ ಬಂದ ಕರೆ ಎತ್ತಬೇಡಿ.

ಹೆಚ್ಚು ನೆಟ್ ಬಳಸುವವರ ಪಾಡು

2024ರ ಜುಲೈ ನಂತರ ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕ್‌ಗಳಿಗೆ ಕಟ್ಟಿಹಾಕಿದವು. 5ಜಿ ಫೋನ್ ಇದೆ, ಮನೆಯಲ್ಲಿ ವೈಫೈ ಇಲ್ಲ, ಸಿಗ್ನಲ್ ಚೆನ್ನಾಗಿದೆ ಎಂದಾದರೆ ಜಿಯೋದ 349 (28 ದಿನ, ದಿನಕ್ಕೆ 2 ಜಿಬಿ) 299ಕ್ಕಿಂತ ನಿಜಕ್ಕೂ ಲಾಭ. ಅದನ್ನೇ ಉದ್ದದ ಅವಧಿಗೆ ನೋಡಿ: 349ರಲ್ಲಿ ದಿನಕ್ಕೆ 12 ರೂಪಾಯಿ 46 ಪೈಸೆ, 859ಕ್ಕೆ 84 ದಿನದ ಪ್ಯಾಕಿನಲ್ಲಿ 10.23, 3,599ಕ್ಕೆ 365 ದಿನದ್ದರಲ್ಲಿ (ಇದರಲ್ಲಿ ದಿನಕ್ಕೆ ಎರಡೂವರೆ ಜಿಬಿ) 9.86. ಅಂದರೆ 28 ದಿನದ್ದರಿಂದ 84ಕ್ಕೆ ಹಾರಿದರೆ ದಿನಕ್ಕೆ 2 ರೂಪಾಯಿಗೂ ಮೇಲೆ ಉಳಿಯುತ್ತದೆ, 84ರಿಂದ 365ಕ್ಕೆ ಹಾರಿದರೆ ಬರೀ 37 ಪೈಸೆ. ಮೂರೂವರೆ ಸಾವಿರ ಒಟ್ಟಿಗೆ ಕೊಟ್ಟು ಒಂದೇ ಕಂಪನಿಗೆ ವರ್ಷವಿಡೀ ಕಟ್ಟಿಬೀಳುವುದಕ್ಕಿಂತ 84 ದಿನದ್ದೇ ವಾಸಿ ಎನ್ನುವುದು ನಮ್ಮ ಎಣಿಕೆ.

ದಿನದ ಕೋಟಾ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪ್ ಅಕ್ಷರದ ಸಂದೇಶ ತೆವಳುತ್ತಾ ಹೋಗುತ್ತದೆ, ಬೇರೇನೂ ತೆರೆಯದು. ಆಗ ಹಾಕಿಸುವ 19, 22 ರೂಪಾಯಿಯ 1 ಜಿಬಿ ವೋಚರ್‌ಗಳ ಅವಧಿ ಒಂದೇ ದಿನ. ರಾತ್ರಿ ಹತ್ತೂವರೆಗೆ ಹಾಕಿಸಬೇಡಿ. 12ಕ್ಕೆ ಹೇಗೂ ಹೊಸ ಕೋಟಾ ಬರುತ್ತದೆ. ಡೇಟಾ ವೋಚರ್‌ನಿಂದ ಸಿಮ್‌ನ ವ್ಯಾಲಿಡಿಟಿ ಒಂದು ದಿನವೂ ಮುಂದೆ ಹೋಗದು.

ಕೋಟಾ ಪದೇ ಪದೇ ಮುಗಿಯುತ್ತಿದ್ದರೆ ಪ್ಯಾಕ್ ದೊಡ್ಡದು ಮಾಡುವ ಮೊದಲು ವಿಡಿಯೋ ಗುಣಮಟ್ಟ ನೋಡಿ. 480ಪಿಯಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ಹೋದರೆ 1080ಪಿಯಲ್ಲಿ ಒಂದೂವರೆಯಿಂದ ಎರಡು ಜಿಬಿ. ಆರಿಂಚಿನ ಪರದೆಯಲ್ಲಿ ಸುದ್ದಿ, ಅಡುಗೆ ವಿಡಿಯೋ ನೋಡಲು 480 ಧಾರಾಳ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ಗೂ ವೈಫೈಗೂ ಬೇರೆ ಬೇರೆ ಗುಣಮಟ್ಟ ಆರಿಸಬಹುದು. ವಾಟ್ಸಾಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಮೊಬೈಲ್ ಡೇಟಾ ಇರುವಾಗ ಏನೂ ತಾನಾಗಿ ಇಳಿಯದಂತೆ ಗುರುತು ತೆಗೆಯಿರಿ, ಗುಡ್ ಮಾರ್ನಿಂಗ್ ಗುಂಪುಗಳಲ್ಲಿ ಇರುವವರಿಗೆ ಇದೊಂದೇ ಸಾಕಷ್ಟು ಉಳಿಸುತ್ತದೆ. ಪ್ಲೇ ಸ್ಟೋರ್ ಅಪ್‌ಡೇಟ್, ಫೋಟೋ ಬ್ಯಾಕಪ್ ಎರಡನ್ನೂ ವೈಫೈಗೆ ಮಾತ್ರ ಬಿಡಿ. ಐಫೋನಿನಲ್ಲಿ ‘ವೈಫೈ ಅಸಿಸ್ಟ್’ ಆಫ್ ಮಾಡಿ, ಇಲ್ಲದಿದ್ದರೆ ಮನೆಯ ವೈಫೈ ಮಂಕಾದಾಗ ಅದು ಸದ್ದಿಲ್ಲದೆ ಮೊಬೈಲ್ ನೆಟ್‌ಗೆ ಜಾರುತ್ತದೆ.

ಇಡೀ ಮನೆಯ ಲೆಕ್ಕ ಒಟ್ಟಿಗೆ ಹಾಕಿದಾಗ

ವೈಫೈ ಇರುವ ನಾಲ್ವರ ಮನೆ. ನಾಲ್ವರಿಗೂ 299ರ ಪ್ಯಾಕ್. ವರ್ಷಕ್ಕೆ 15,548. ಅದರಲ್ಲಿ ಹೆಚ್ಚು ಹೊತ್ತು ಮನೆಯಲ್ಲೇ ಇರುವ ಹಿರಿಯರಿಬ್ಬರಿಗೆ 1,849ರ ಕರೆ ಪ್ಯಾಕ್ ಹಾಕಿ, ಹೊರಗೆ ಓಡಾಡುವ ಇಬ್ಬರಿಗೆ 299ನ್ನೇ ಮುಂದುವರಿಸಿದರೆ 11,472. ಉಳಿಕೆ 4,076.

ಪೋಸ್ಟ್‌ಪೇಯ್ಡ್ ದುಬಾರಿ ಎಂಬ ನಂಬಿಕೆಯನ್ನೂ ಇಲ್ಲಿ ಪರೀಕ್ಷಿಸಬೇಕು. ಒಬ್ಬರಿಗೆ ಅದು ಹೌದು. ಪ್ರಿಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಬೆಲೆಗೆ ಶೇ 18 ಮೇಲಿಂದ ಬೀಳುತ್ತದೆ. 449 ಎಂದು ಬರೆದದ್ದಕ್ಕೆ ಬಿಲ್ಲು 529 ರೂಪಾಯಿ 82 ಪೈಸೆ. ಆದರೆ ಕುಟುಂಬದ ಪ್ಲಾನ್‌ನಲ್ಲಿ ಲೆಕ್ಕ ತಿರುಗುತ್ತದೆ. ಜಿಯೋದ 449ಕ್ಕೆ ತಲಾ 150ರಂತೆ ಮೂರು ಸಿಮ್ ಸೇರಿಸಬಹುದು. ಒಟ್ಟು 899, ತೆರಿಗೆ ಸೇರಿ 1,060.82. ಬಿಲ್ಲು ಹನ್ನೆರಡೇ, ಹದಿಮೂರಲ್ಲ: ವರ್ಷಕ್ಕೆ ಸುಮಾರು 12,730. ನಾಲ್ವರೂ 299 ಹಾಕಿಸುವುದಕ್ಕಿಂತ 2,800ರಷ್ಟು ಕಡಿಮೆ. ಡೇಟಾ ಮಾತ್ರ ನಾಲ್ವರ ನಡುವೆ ಹಂಚಿಕೆ: ಮುಖ್ಯ ಸಿಮ್‌ಗೆ 75 ಜಿಬಿ, ಸೇರಿಸಿದ ಪ್ರತಿ ಸಿಮ್‌ಗೆ 5 ಜಿಬಿ ಹೆಚ್ಚುವರಿ, ಮೀರಿದರೆ ಪ್ರತಿ ಜಿಬಿಗೆ ಹಣ. ಮನೆಯಲ್ಲಿ ರೀಲ್ಸ್ ನೋಡುವ ಹುಡುಗನೊಬ್ಬನಿದ್ದರೆ ಎಲ್ಲರ ಪಾಲನ್ನೂ ಅವನೇ ಮುಗಿಸಿ ಬಿಲ್ಲು ಏರಿಸುತ್ತಾನೆ. ಸಿಮ್‌ಗೊಂದು ಮಿತಿ ಹಾಕುವ ಆಯ್ಕೆ ಆ್ಯಪ್‌ನಲ್ಲಿದೆಯೇ ಎಂದು ಮೊದಲ ದಿನವೇ ನೋಡಿ.

ಚಿಲ್ಲರೆ ಸೋರಿಕೆಗಳೂ ಇವೆ. ಪಾವತಿ ಆ್ಯಪ್‌ಗಳ ಮೂಲಕ ರೀಚಾರ್ಜ್ ಮಾಡಿದರೆ ಒಂದರಿಂದ ಮೂರು ರೂಪಾಯಿ ‘ಪ್ಲಾಟ್‌ಫಾರ್ಮ್ ಫೀ’ ಬೀಳುವುದುಂಟು. ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಅದಿಲ್ಲ, ಹಣವನ್ನು ಯುಪಿಐನಲ್ಲೇ ಕೊಡಬಹುದು. ಕೇಳದೆ ಅಂಟಿಕೊಂಡ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಅಲರ್ಟ್‌ಗಳನ್ನು ತೆಗೆಸಲು 155223ಕ್ಕೆ ಕರೆ ಮಾಡಿ, ಅಥವಾ ಅದೇ ನಂಬರ್‌ಗೆ ‘ಸ್ಟಾಪ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಎಸ್ಸೆಮ್ಮೆಸ್ ಕಳಿಸಿ. ಒಪ್ಪಿಗೆಯಿಲ್ಲದೆ ಹಣ ಕಡಿದಿದ್ದರೆ 198ಕ್ಕೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ಅದು ಇಲ್ಲದೆ ಮೇಲ್ಮನವಿ ಹಾಕಲಾಗದು. ಆಟೋಪೇ ಹಾಕಿದ್ದರೆ ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಕೊಟ್ಟ ಒಪ್ಪಿಗೆ) ಪಟ್ಟಿ ನೋಡಿ, ಬಿಟ್ಟ ನಂಬರ್‌ನದೂ ಅಲ್ಲೇ ಕೂತಿರಬಹುದು.

ಪೋರ್ಟ್ ಮಾಡುವುದಾದರೆ

ಪೋರ್ಟ್ ಎಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವುದು. ಅಗ್ಗದ ಪ್ಯಾಕ್ ಕಂಡೊಡನೆ ನಂಬರ್ ಎತ್ತಿಕೊಂಡು ಹೋಗಬೇಡಿ. ಮಲೆನಾಡಿನ ಕಣಿವೆಯಲ್ಲಿ ಒಂದು ಕಂಪನಿಯ ಸಿಗ್ನಲ್ ಮಾತ್ರ ಸಿಗುವ ಊರುಗಳಿವೆ. ಅಲ್ಲಿ ಬೆಲೆಯ ಮಾತೇ ಬೇರೆ. ಕಂಪನಿಗಳ ಜಾಲತಾಣದಲ್ಲಿ ಈಗ ಸಿಗ್ನಲ್ ನಕ್ಷೆ ಇದೆ, ಆದರೆ ನಕ್ಷೆಗೆ ನಿಮ್ಮ ಅಡುಗೆಮನೆಯ ಗೋಡೆ ಗೊತ್ತಿಲ್ಲ. ಹೊಸ ಕಂಪನಿಯ ಒಂದು ಸಿಮ್ ಕೊಂಡು ಎರಡನೇ ಸ್ಲಾಟ್‌ನಲ್ಲಿ 28 ದಿನ ಬಳಸಿ ನೋಡುವುದು ಖಚಿತ ಪರೀಕ್ಷೆ. ಮನೆಯೊಳಗೆ ಮಾತ್ರ ಸಿಗ್ನಲ್ ಇಲ್ಲ ಎಂದಾದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ.

ನಿರ್ಧಾರವಾದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೂ ಇದೊಂದನ್ನು ಕಳಿಸಲು ಬಿಡಬೇಕೆಂದು 2021ರ ಡಿಸೆಂಬರ್‌ನಲ್ಲೇ ಟ್ರಾಯ್ ಹೇಳಿದೆ. ಪೋರ್ಟ್ ಮಾಡಲು ಬೇಕಾದ, ಎಂಟು ಅಕ್ಷರದ ಯುಪಿಸಿ ಎಂಬ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯುಸ್ಸು ನಾಲ್ಕು ದಿನ. ಕೋಡ್ ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಈಗಿನ ಕಂಪನಿಗೆ ಬಂದು 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಾಕಿ ಇದೆ, ಅಥವಾ ಕಳೆದ ಏಳು ದಿನದಲ್ಲಿ ಸಿಮ್ ಬದಲಾಯಿಸಿದ್ದೀರಿ. ಏಳು ದಿನದ ನಿಯಮ 2024ರ ಜುಲೈ 1ರಿಂದ ಬಂದದ್ದು, ಸಿಮ್ ಕದ್ದು ನಂಬರ್ ಹಾರಿಸುವವರನ್ನು ತಡೆಯಲು.

ಕೋಡ್ ಮತ್ತು ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ, ಅದೇ ವಲಯದೊಳಗಾದರೆ 3 ಕೆಲಸದ ದಿನ, ಬೇರೆ ರಾಜ್ಯದ ವಲಯಕ್ಕಾದರೆ 5. ಮನಸ್ಸು ಬದಲಾದರೆ 24 ಗಂಟೆಯೊಳಗೆ ‘ಕ್ಯಾನ್ಸಲ್’ ಎಂದು ಬರೆದು ನಂಬರ್ ಜೊತೆ 1900ಕ್ಕೇ ಕಳಿಸಬಹುದು. ಹಳೇ ಬ್ಯಾಲೆನ್ಸ್, ಉಳಿದ ವ್ಯಾಲಿಡಿಟಿ ಯಾವುದೂ ಜೊತೆಗೆ ಬರುವುದಿಲ್ಲ. ಆದ್ದರಿಂದ ಹಳೇ ಪ್ಯಾಕ್ ಮುಗಿಯಲು ಏಳೆಂಟು ದಿನ ಇರುವಾಗ ಶುರು ಮಾಡುವುದು ಸರಿಯಾದ ಸಮಯ: ತೀರಾ ಮೊದಲಾದರೆ ದುಡ್ಡು ಹಾಳು, ತೀರಾ ಕೊನೆಗಾದರೆ ಮಧ್ಯದಲ್ಲಿ ಫೋನ್ ಮೂಕ.

ದರ ಏರುವ ಸುದ್ದಿ ಬಂದಾಗ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. 2024ರಲ್ಲಿ ಜಿಯೋ ಜೂನ್ 27ಕ್ಕೆ ಘೋಷಿಸಿತು, ಹೊಸ ದರ ಜಾರಿಯಾದದ್ದು ಜುಲೈ 3ಕ್ಕೆ. ನಡುವಿನ ದಿನಗಳಲ್ಲಿ ಹಳೇ ಬೆಲೆಗೇ ಮುಂದಿನ ಪ್ಯಾಕ್ ಹಾಕಿಸಿ ಸಾಲಿನಲ್ಲಿ ಕೂರಿಸಿದವರಿಗೆ ಅಷ್ಟು ಕಾಲ ಹಳೇ ದರವೇ ನಡೆಯಿತು. ಹಾಗೆ ಮಾಡುವಾಗ ಹೊಸ ಪ್ಯಾಕ್ ಸಾಲಿನಲ್ಲಿ ಕೂರುತ್ತದೆಯೋ ಅಥವಾ ತಕ್ಷಣ ಶುರುವಾಗುತ್ತದೆಯೋ ಎಂಬುದನ್ನು ಹಣ ಕಟ್ಟುವ ಮುನ್ನ ಪ್ಯಾಕಿನ ವಿವರದಲ್ಲಿ ಓದಿ. ಸಾಲಿನಲ್ಲಿ ಪ್ಯಾಕ್ ಕೂತಿರುವಾಗ ಪೋರ್ಟ್ ಮಾಡಿದರೆ ಅದೂ ಹೋಗುತ್ತದೆ.